ಎದೆಗೂಡಿನ ಕಾಯಿಲೆ ಮತ್ತು ಮನೆ ಬಾಗಿಲಿನ ದಾದಿ

ನಮ್ಮ ಹಳ್ಳಿಗಳಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಐವತ್ತು ದಾಟಿದ ಗಂಡಸು ಬೆಳಗ್ಗೆ ಎದ್ದು ಜಗುಲಿಯ ಮೇಲೆ ಕುಳಿತು ಕೆಮ್ಮಿದರೆ ಮನೆಯವರು ತಿರುಗಿಯೂ ನೋಡುವುದಿಲ್ಲ. ಬೀಡಿ ಸೇದುವವನು ಕೆಮ್ಮದೆ ಇರುತ್ತಾನೆಯೇ ಎನ್ನುತ್ತಾರೆ. ಹೆಂಗಸು ಕೆಮ್ಮಿದರೆ ಒಲೆಯ ಹೊಗೆ ಎನ್ನುತ್ತಾರೆ. ಕಲ್ಲು ಕ್ವಾರಿಗೆ ಹೋಗುವವನು ಕೆಮ್ಮಿದರೆ ಧೂಳು ಎನ್ನುತ್ತಾರೆ. ಈ ಮೂರು ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾರಣ ಗೊತ್ತಾಯಿತು ಎಂದ ಕೂಡಲೇ ನಾವು ವಿಚಾರಣೆಯನ್ನೇ ನಿಲ್ಲಿಸಿಬಿಡುತ್ತೇವೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆಯಂಥ ಸೀಮೆಯಲ್ಲಿ ಈ ಮೂರೂ ಕಾರಣಗಳು ಒಟ್ಟಿಗೇ ಇವೆ. ಕರಿಕಲ್ಲಿನ ಕ್ವಾರಿಗಳಿವೆ, ಕಾಡಂಚಿನ ಸೌದೆ ಒಲೆಗಳಿವೆ, ಬೀಡಿಯೂ ಹೊಗೆಸೊಪ್ಪೂ ಇವೆ. ಇಲ್ಲಿ ಕೆಮ್ಮುವವನ ಮನೆ ಬಾಗಿಲಿಗೆ ಬಂದು 'ಎಷ್ಟು ದಿನದಿಂದ?' ಎಂದು ಮೊದಲು ಕೇಳಿದವರು ಯಾರು? ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದನ್ನು ವೈದ್ಯರ ಚರಿತ್ರೆಯಾಗಿ ಬರೆದವರು ಅನೇಕರು. ನಾವಿಲ್ಲಿ ಅದನ್ನು ದಾದಿಯರ ಕಡೆಯಿಂದ ನೋಡಲು ಯತ್ನಿಸಿದ್ದೇವೆ.

ಇಂದು ಪಶ್ಚಿಮದ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಸಾಮುದಾಯಿಕ ತಪಾಸಣೆ ದೊಡ್ಡ ಚಳವಳಿಯಾಗಿ ಬೆಳೆದಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 2016ರಲ್ಲಿ ಸ್ಕ್ಯಾನ್ ಯಂತ್ರವನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಬಡವರು ಸಾಮಾನು ಕೊಳ್ಳುವ ಮಾರುಕಟ್ಟೆಗಳ ಬಳಿ ನಿಲ್ಲಿಸಿದರು. ಅಲ್ಲಿ ಬಂದವರನ್ನು ಮೊದಲು ಮಾತನಾಡಿಸುವವರು ದಾದಿಯರು. ಎಷ್ಟು ವರ್ಷ ಸೇದಿದಿರಿ, ದಿನಕ್ಕೆಷ್ಟು, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿ, ಉಸಿರಿನ ಶಕ್ತಿ ಅಳೆದು, ಅಪಾಯ ಹೆಚ್ಚಿದ್ದವರನ್ನು ಮಾತ್ರ ಸ್ಕ್ಯಾನಿಗೆ ಕಳುಹಿಸುತ್ತಾರೆ. ಉಳಿದವರಿಗೆ ಸಿಗರೇಟು ಬಿಡುವ ಬಗೆ ಹೇಳಿಕೊಡುತ್ತಾರೆ. ನಮ್ಮ ದೇಶದಲ್ಲಿ ಸರ್ಕಾರದ ಇಂಥ ಕಾರ್ಯಕ್ರಮ ಇಲ್ಲ. ಸರ್ಕಾರ ಮನೆ ಮನೆಯಲ್ಲಿ ತಪಾಸಣೆ ಮಾಡಿಸುತ್ತಿರುವ ಕ್ಯಾನ್ಸರ್‌ಗಳು ಮೂರು: ಬಾಯಿಯದು, ಸ್ತನದ್ದು, ಗರ್ಭಕಂಠದ್ದು. ಶ್ವಾಸಕೋಶಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಹಾಗೆಂದು ನಮ್ಮ ನಾಡಿಗೆ ಎದೆಯ ತಪಾಸಣೆ ಹೊಸದು ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಹಳ್ಳಿಗೆ ಎಕ್ಸ್-ರೇ ಗಾಡಿ ಕೊಂಡೊಯ್ದು, ಮನೆ ಮನೆಯಲ್ಲಿ ಕೆಮ್ಮು ವಿಚಾರಿಸಿ, ಕಫದ ಡಬ್ಬಿ ಕೈಗಿತ್ತು ಬಂದ ಅನುಭವ ಕರ್ನಾಟಕಕ್ಕೆ ಅರವತ್ತು ವರ್ಷಕ್ಕಿಂತ ಹಳೆಯದು. ಅದು ಕ್ಯಾನ್ಸರಿಗಾಗಿ ಅಲ್ಲ, ಕ್ಷಯಕ್ಕಾಗಿ ನಡೆದದ್ದು.

ಕ್ಷಯದ ಮಾತು ಬಂದರೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಕೆಆರ್‌ಎಸ್ ರಸ್ತೆಯ ಸ್ಯಾನಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರನ್ನು 1913ರಲ್ಲಿ ಕ್ಷಯ ಕೊಂಡೊಯ್ಯಿತು. ಅವರ ಹೆಣ್ಣುಮಕ್ಕಳನ್ನೂ ಅದು ಬಿಡಲಿಲ್ಲ. ಅರಮನೆಯ ದುಡ್ಡು, ಅರಮನೆಯ ವೈದ್ಯರು, ಶುದ್ಧ ಗಾಳಿಯ ಬಂಗಲೆ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅವರ ನೆನಪಿನಲ್ಲಿ ಎದ್ದ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ 1921ರಲ್ಲಿ ಬಾಗಿಲು ತೆರೆಯಿತು. ಜನ ಅದನ್ನು ಚಿಕ್ಕದು ಮಾಡಿ ಪಿಕೆಟಿಬಿ ಎಂದರು. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಆದ್ದರಿಂದ ಸ್ಯಾನಟೋರಿಯಂ ಎಂದರೆ ಹಾಸಿಗೆ, ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಅಷ್ಟೇ. ವೈದ್ಯರು ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ ಅಂಥ ಕಡೆ ಚಿಕಿತ್ಸೆಯ ಬಹುಭಾಗ ದಾದಿಯ ಕೈಯಲ್ಲೇ ಇತ್ತು. ಜ್ವರ ಬರೆದಿಡುವವಳು ಅವಳು, ಕಫದ ಬಟ್ಟಲು ತೊಳೆಯುವವಳು ಅವಳು, ರಕ್ತ ಕಾರಿದಾಗ ತಲೆ ಹಿಡಿಯುವವಳು ಅವಳು. ರೋಗ ಅವಳಿಗೆ ಅಂಟಿದರೆ ಕೇಳುವವರು ಇದ್ದರೇ?

ಆಗ ಈ ಕೆಲಸಕ್ಕೆ ಬರುವವರಾದರೂ ಯಾರು? ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರು ಮಕ್ಕಳಿಗಾಗಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಇಂಥ ಕಡೆ ದಾದಿಯ ಕೆಲಸ ಕಲಿತವರು ಹೆಚ್ಚಾಗಿ ಕ್ರೈಸ್ತ ಹುಡುಗಿಯರು. ಹಿಂದೂ ಮೇಲ್ಜಾತಿಯ ಮನೆಗಳಲ್ಲಾಗಲಿ ಮುಸ್ಲಿಮರ ಮನೆಗಳಲ್ಲಾಗಲಿ ಮಗಳನ್ನು ಪರರ ಮಲಮೂತ್ರ ಬಳಿಯುವ ಕೆಲಸಕ್ಕೆ ಕಳುಹಿಸುವ ಮಾತೇ ಇರಲಿಲ್ಲ. ಸೇವೆ ದೊಡ್ಡದು ಎಂದು ಎಲ್ಲರೂ ಹೇಳುತ್ತಿದ್ದರು, ಆ ಸೇವೆಯನ್ನು ಬೇರೆಯವರ ಮಗಳು ಮಾಡಲಿ ಎಂದೂ ಬಯಸುತ್ತಿದ್ದರು. ಮುಂದೆ ಈ ಜಾಗವನ್ನು ಕೇರಳದ ಹೆಣ್ಣುಮಕ್ಕಳು ತುಂಬಿದರು. ನಮ್ಮ ಸಿನಿಮಾದವರು ಅವರ ಉಚ್ಚಾರಣೆಯನ್ನು ಅಣಕಿಸಿ ನಗಿಸಿದರು. ಅವರಿಲ್ಲದಿದ್ದರೆ ಹಳೇ ಮೈಸೂರಿನ ಎಷ್ಟು ವಾರ್ಡುಗಳು ನಡೆಯುತ್ತಿದ್ದವು ಎಂದು ಆ ಹಾಸ್ಯ ಬರೆದವರು ಯೋಚಿಸಿದ್ದಂತೆ ಕಾಣುವುದಿಲ್ಲ.

ಸ್ಯಾನಟೋರಿಯಮ್ಮಿನಿಂದ ಗುಂಡ್ಲುಪೇಟೆಯ ಬಡವನಿಗೆ ಸಿಕ್ಕಿದ್ದೇನು? ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ಗುಂಡ್ಲುಪೇಟೆಗೆ ಇಂದಿಗೂ ಬಂದಿಲ್ಲ. ಸುಮಾರು ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೆ ರೋಗಿಯನ್ನು ಗಾಡಿಯಲ್ಲಿ ಕರೆದೊಯ್ದು ತಿಂಗಳುಗಟ್ಟಲೆ ಬಿಟ್ಟುಬರುವುದು ಹೊಲ ಮನೆ ಇದ್ದವರಿಗೇ ಕಷ್ಟ. ಇನ್ನು ಕೂಲಿಯವರ ಪಾಡೇನು? ಮಂಡ್ಯದಲ್ಲಿ 1930ರ ಆಸುಪಾಸಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಆರೋಗ್ಯ ಘಟಕವೊಂದು ಆರಂಭವಾಗಿ, ಆರೋಗ್ಯವನ್ನು ಹಳ್ಳಿಗೆ ಒಯ್ಯುವ ಪ್ರಯೋಗಕ್ಕೆ ಮೈಸೂರು ಸಂಸ್ಥಾನ ಹೆಸರಾಯಿತು. ಆದರೆ ಕ್ಷಯ ರೋಗಿಗೆ ಮಾತ್ರ ಹಾಸಿಗೆ ಬಿಟ್ಟರೆ ದಾರಿಯಿಲ್ಲ ಎಂಬ ನಂಬಿಕೆ ಉಳಿದೇ ಇತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ಕೊಟ್ಟ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಇಡೀ ದೇಶಕ್ಕೆ ಇದ್ದ ದಾದಿಯರು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ಮನೆ ಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರಂತೂ 750 ಮಂದಿ, ನಾಲ್ಕು ಲಕ್ಷ ಜನಕ್ಕೆ ಒಬ್ಬಳು.

ಹಾಸಿಗೆಯ ನಂಬಿಕೆಯನ್ನು ಮುರಿದದ್ದು ಮದರಾಸು. ಅಲ್ಲಿನ ಕ್ಷಯ ಸಂಶೋಧನಾ ಕೇಂದ್ರದಲ್ಲಿ 1956ರಿಂದ ವ್ಯಾಲೇಸ್ ಫಾಕ್ಸ್ ಮತ್ತು ಸಂಗಡಿಗರು ಒಂದು ಸರಳ ಪರೀಕ್ಷೆ ನಡೆಸಿದರು. ಕೊಳೆಗೇರಿಯ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿ, ಉಳಿದವರಿಗೆ ಅವರವರ ಮನೆಯಲ್ಲೇ ಮಾತ್ರೆ ಕೊಟ್ಟರು. ವರ್ಷ ಕಳೆದ ಮೇಲೆ ನೋಡಿದರೆ ಇಕ್ಕಟ್ಟಾದ ಗುಡಿಸಿಲಿನಲ್ಲಿ ಅರೆಹೊಟ್ಟೆಯಲ್ಲಿದ್ದವರೂ ಆಸ್ಪತ್ರೆಯವರಷ್ಟೇ ಗುಣವಾಗಿದ್ದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿರಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನ ಸ್ಯಾನಟೋರಿಯಂಗಳಿಗೆ ಬೀಗ ಹಾಕಿಸಿತು ಎಂದರೆ ಅತಿಶಯವಲ್ಲ. ಎಲ್ಲರೂ ಇದನ್ನು ಔಷಧದ ಗೆಲುವು ಎಂದು ಬರೆಯುತ್ತಾರೆ. ಆದರೆ ಮನೆಯಲ್ಲಿ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಹೇಳದೆ ಕೇಳದೆ ಹೋಗಿ ಮಾತ್ರೆ ಎಣಿಸಿ, ಮೂತ್ರ ಪರೀಕ್ಷೆಗೆ ತಂದು, ಕುಡಿದು ಬಂದ ಗಂಡನನ್ನೂ ಬೇಸತ್ತ ಹೆಂಡತಿಯನ್ನೂ ಒಪ್ಪಿಸಿದವರು ಆರೋಗ್ಯ ಸಂದರ್ಶಕಿಯರು. ಅವರು ಓಣಿ ಓಣಿ ತಿರುಗದಿದ್ದರೆ ಆ ಔಷಧ ಡಬ್ಬಿಯಲ್ಲೇ ಉಳಿಯುತ್ತಿತ್ತು. ದಾದಿ ಹಾಸಿಗೆಯ ಪಕ್ಕದಿಂದ ಮನೆ ಬಾಗಿಲಿಗೆ ಬಂದದ್ದು ಹೀಗೆ.

ಇನ್ನೊಂದು ಹೆಜ್ಜೆ ನಮ್ಮ ನೆಲದಲ್ಲೇ ಇಟ್ಟದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ನೆಹರೂ ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡಾನ್ ಮಾಹ್ಲರ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಈ ಸಂಸ್ಥೆಯ ತಂಡಗಳು ಎಕ್ಸ್-ರೇ ಗಾಡಿಯೊಂದಿಗೆ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಹೊಕ್ಕವು. ಪುಟ್ಟ ಫಿಲ್ಮಿನಲ್ಲಿ ಎದೆಯ ಚಿತ್ರ ಹಿಡಿಯುವ ಯಂತ್ರ ಅದು. ಅದರ ಸುತ್ತ ನೆರೆದ ಮಕ್ಕಳ ಗದ್ದಲವನ್ನು ನಾವು ಊಹಿಸಿಕೊಳ್ಳಬಹುದು.

ಯಂತ್ರಕ್ಕಿಂತ ದೊಡ್ಡ ಸುದ್ದಿ ತಂದದ್ದು ಮಾತುಕತೆ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಈ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಅಂದಿನ ವಿದ್ಯಾವಂತರೆಲ್ಲ ನಂಬಿದ್ದರು. ಇಂದಿನವರೂ ನಂಬಿದ್ದಾರೆ. ಅಧ್ಯಯನ ಹೇಳಿದ್ದು ಬೇರೆ. ಬಹುತೇಕ ಎಲ್ಲ ರೋಗಿಗಳಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಗೋ ವೈದ್ಯರ ಬಳಿಗೋ ಹೋಗಿ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ! ಕಫ ಪರೀಕ್ಷಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹಾಗಾದರೆ ಕುರುಡು ಇದ್ದದ್ದು ಯಾರ ಕಣ್ಣಿನಲ್ಲಿ?

ಇದರ ಫಲವಾಗಿ 1962ರಿಂದ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮ ದುಬಾರಿ ಎಕ್ಸ್-ರೇ ಗಾಡಿಯನ್ನು ನೆಚ್ಚಿಕೊಳ್ಳಲಿಲ್ಲ. ಕೆಮ್ಮಿಕೊಂಡು ಬಂದವನನ್ನು ಕೇಳು, ಕಫ ನೋಡು ಎಂಬ ದಾರಿ ಹಿಡಿಯಿತು. ಕೆಮ್ಮು ಮೂರು ವಾರ ದಾಟಿದರೆ ಪರೀಕ್ಷೆ ಎಂಬುದು ಬಹುಕಾಲ ನಿಯಮವಾಗಿತ್ತು. 2009ರಲ್ಲಿ ಅದು ಎರಡು ವಾರಕ್ಕೆ ಇಳಿಯಿತು. ಇಂದು ಬಸ್ಸಿನ ಮೇಲೂ ಗೋಡೆಯ ಮೇಲೂ ಕಾಣುವ 'ಎರಡು ವಾರ' ಎಂಬ ಮಾತಿನ ಮೂಲ ಇದು.

ಕುತೂಹಲದ ಸಂಗತಿಯೆಂದರೆ ಕ್ಯಾನ್ಸರಿನ ಎಕ್ಸ್-ರೇಗೂ ಪಶ್ಚಿಮದಲ್ಲಿ ಇದೇ ಗತಿಯಾಯಿತು. ಅಮೆರಿಕದ ಮೇಯೊ ಆಸ್ಪತ್ರೆಯವರು 1971ರಿಂದ 1983ರವರೆಗೆ ವಿಪರೀತ ಸೇದುವ ಗಂಡಸರಿಗೆ ನಾಲ್ಕು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆದು, ಕಫ ಪರೀಕ್ಷಿಸಿದರು. ಹೆಚ್ಚು ಕ್ಯಾನ್ಸರ್‌ಗಳು ಕಂಡವು, ಆದರೆ ಸಾವು ಕಡಿಮೆಯಾಗಲಿಲ್ಲ. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಬಂದ ಮೇಲೆಯೇ ಚಿತ್ರ ಬದಲಾದದ್ದು. ಅಲ್ಲಿ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಎಕ್ಸ್-ರೇ ಮಾಡಿಸಿಕೊಂಡವರಿಗೆ ಹೋಲಿಸಿದರೆ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆ ಎಂದು ತೋರಿಸಿತು. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ. ಸ್ಕ್ಯಾನಿನಲ್ಲಿ ಏನೋ ಇದೆ ಎಂದು ಕಂಡವುಗಳಲ್ಲಿ ಶೇ. 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಹಳೆಯ ಕಲೆಗಳನ್ನು ಎದೆಯಲ್ಲಿ ಹೊತ್ತು ತಿರುಗುವ ನಮ್ಮ ಜನರನ್ನು ಆ ಯಂತ್ರದ ಕೆಳಗೆ ಮಲಗಿಸಿದರೆ ಎಷ್ಟು ಸುಳ್ಳು ಗಂಟೆ ಬಾರಿಸೀತು? ಆದ್ದರಿಂದ ಗುಂಡ್ಲುಪೇಟೆಯ ಸಂತೆಮಾಳದಲ್ಲಿ ಸ್ಕ್ಯಾನ್ ಲಾರಿ ನಿಲ್ಲಿಸಬೇಕೆಂದು ನಾವು ವಾದಿಸುವುದಿಲ್ಲ. ಆ ಲಾರಿಯ ಮುಂದೆ ಕುಳಿತು ಪ್ರಶ್ನೆ ಕೇಳುವ ದಾದಿ ನಮ್ಮಲ್ಲಿ ಏನಾದಳು ಎಂಬುದೇ ನಮ್ಮ ಕಾಳಜಿ.

ಎಎನ್‌ಎಂ ತರಬೇತಿ ದೇಶದಲ್ಲಿ ಆರಂಭವಾದದ್ದು 1951ರಲ್ಲಿ. ಹೆರಿಗೆ ಮಾಡಿಸುವ, ಚುಚ್ಚುಮದ್ದು ಕೊಡುವ ಈ ಹೆಣ್ಣುಮಗಳನ್ನು ಹಳ್ಳಿಯವರು ನರ್ಸಮ್ಮ ಎಂದರು. 1973ರ ಕರ್ತಾರ್ ಸಿಂಗ್ ಸಮಿತಿ, ಮಲೇರಿಯಾಕ್ಕೊಬ್ಬ ಸಿಡುಬಿಗೊಬ್ಬ ಎಂದಿದ್ದ ನೌಕರರನ್ನೆಲ್ಲ ಒಂದುಗೂಡಿಸಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಬೇಕೆಂದಿತು. ಕಾಗದದ ಮೇಲೆ ಒಳ್ಳೆಯ ಆಲೋಚನೆ. ಆದರೆ ಎರಡೇ ವರ್ಷದಲ್ಲಿ ತುರ್ತುಪರಿಸ್ಥಿತಿ ಬಂತು. ಕುಟುಂಬ ಯೋಜನೆಯ ಗುರಿ ಮುಟ್ಟದಿದ್ದರೆ ಸಂಬಳ ತಡೆಯುತ್ತೇವೆ ಎಂಬ ಬೆದರಿಕೆ ಕೆಳಗಿನ ನೌಕರರ ತನಕ ಇಳಿಯಿತು. ಅಂದಿನಿಂದ ನರ್ಸಮ್ಮ ಬಂದಳು ಎಂದರೆ ಬಾಗಿಲು ಹಾಕಿಕೊಳ್ಳುವ ಮನೆಗಳಾದವು. ಗುರಿಯ ಪದ್ಧತಿಯನ್ನು ಸರ್ಕಾರ ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ. ಎರಡು ದಶಕ ಆಕೆಯ ಕಣ್ಣು ಬಸುರಿ ಬಾಣಂತಿಯರ ಮೇಲೆ ಇತ್ತು. ಅದು ಬೇಕಾದದ್ದೇ. ಆದರೆ ಹೆರುವ ವಯಸ್ಸು ಮುಗಿದ ಹೆಂಗಸು, ಕೆಮ್ಮುವ ಮುದುಕ ಅವಳ ರಿಜಿಸ್ಟರಿನಿಂದ ಹೊರಗುಳಿದರು.

ಈ ನಡುವೆ ಚಾಮರಾಜನಗರ ಸೀಮೆಯಲ್ಲಿ ಬೇರೆ ಬಗೆಯ ಪ್ರಯೋಗ ನಡೆಯಿತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1986ರಲ್ಲಿ ಯಳಂದೂರು ತಾಲೂಕಿನಲ್ಲಿ ಕುಷ್ಠರೋಗ ನಿಯಂತ್ರಣಕ್ಕೆಂದು ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅದು ವಹಿಸಿಕೊಂಡಿತು. ಇವುಗಳ ಬಗ್ಗೆ ಬರೆದವರು ಬಹಳ. ನಮಗೆ ಮುಖ್ಯವಾಗಿ ಕಾಣುವುದು ಸೋಲಿಗರ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟದ್ದು. ಪೋಡಿಗೆ ಹೊರಗಿನಿಂದ ನರ್ಸು ಬಂದರೆ ಮಳೆಗಾಲದಲ್ಲಿ ಇರುವುದಿಲ್ಲ, ಆನೆ ದಾರಿಯಲ್ಲಿ ನಡೆಯುವುದಿಲ್ಲ, ಅವರ ಮಾತು ಇವಳಿಗೆ ತಿಳಿಯುವುದಿಲ್ಲ. ಅದೇ ಪೋಡಿನ ಹುಡುಗಿಗೆ ಯಾರ ಮನೆಯ ಅಜ್ಜ ಎಷ್ಟು ದಿನದಿಂದ ಕೆಮ್ಮುತ್ತಿದ್ದಾನೆ ಎಂದು ಕೇಳಿ ತಿಳಿಯಬೇಕಾಗಿಯೇ ಇಲ್ಲ, ರಾತ್ರಿ ಕಿವಿಗೆ ಬಿದ್ದಿರುತ್ತದೆ. ಕುಷ್ಠದಂಥ ಕಳಂಕದ ಕಾಯಿಲೆಯನ್ನು ಮನೆ ಮನೆಯಲ್ಲಿ ಹುಡುಕಿದ ತಾಲೂಕು ಇದು. ಶ್ವಾಸಕೋಶದ ಕ್ಯಾನ್ಸರನ್ನು ಹುಡುಕುವುದಕ್ಕೆ ಬೇಕಾದ ಕಸುಬು ಇದರಿಂದ ದೂರದ್ದಲ್ಲ.

ಜಿಲ್ಲೆಯ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯುವುದು ಕಷ್ಟ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆಯಿಂದ ಎಷ್ಟೋ ಮುಖ್ಯಮಂತ್ರಿಗಳು ಊರಿನ ಹೊರಗಿನಿಂದಲೇ ಕೈಮುಗಿದರು. 2013ರಲ್ಲಿ ಸಿದ್ದರಾಮಯ್ಯನವರು ಬಂದು ಹೋಗಿ ಅದನ್ನು ಮುರಿದರು. ಮುಖ್ಯಮಂತ್ರಿಯೇ ಬರಲು ಹೆದರುವ ಊರಿಗೆ ತಜ್ಞ ವೈದ್ಯರು ಬರುತ್ತಾರೆಯೇ? ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು. ಯಡಪುರದ ಹೊಸ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದು 2021ರ ಅಕ್ಟೋಬರಿನಲ್ಲಿ. ಅದಕ್ಕೆ ಐದು ತಿಂಗಳ ಹಿಂದೆ, ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ, ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ಪ್ರಾಣ ಬಿಟ್ಟದ್ದನ್ನು ನಾಡು ಮರೆತಿಲ್ಲ. ಉಸಿರಿನ ಬೆಲೆ ಏನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ರಾತ್ರಿ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಓಡಿದ ದಾದಿಯರ ಬಗ್ಗೆ ಬರೆದವರು ಕಡಿಮೆ.

ಕಾಯಿಲೆಯ ಕಾರಣಗಳತ್ತ ತಿರುಗೋಣ. ಬೀಡಿ ಸಿಗರೇಟಿನ ಪಾತ್ರ ಎಲ್ಲರಿಗೂ ಗೊತ್ತು. ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ ಎಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅದರಲ್ಲೂ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಬೀಡಿ ಸೇದುವವನ ಲೆಕ್ಕವಾದರೂ ಸಿಗುತ್ತದೆ. ಬೀಡಿ ಕಟ್ಟುವವಳ ಲೆಕ್ಕ ಸಿಗುವುದು ಕಷ್ಟ. ಮೈಸೂರು ಭಾಗದಲ್ಲಿ ಮನೆಯಲ್ಲಿ ಕುಳಿತು ಮೊರದ ತುಂಬ ತಂಬಾಕಿನ ಪುಡಿ ಇಟ್ಟುಕೊಂಡು ಬೀಡಿ ಸುತ್ತಿದ ಹೆಂಗಸರಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. 1976ರ ಕಾನೂನಿನ ಪ್ರಕಾರ ಬೀಡಿಯ ಮೇಲೆ ಕರ ಹಾಕಿ ಕಟ್ಟಿದ ಕಲ್ಯಾಣ ನಿಧಿಯಿಂದ ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಆಸ್ಪತ್ರೆ ಬಂತು. ಆದರೆ ಅಲ್ಲಿಗೆ ಹೋಗಲು ಕಾರ್ಮಿಕರ ಗುರುತಿನ ಚೀಟಿ ಬೇಕು. ದಲ್ಲಾಳಿಯ ಮೂಲಕ ಎಲೆ ಪಡೆದು ಅತ್ತೆಯ ಹೆಸರಿನಲ್ಲಿ ಬೀಡಿ ಒಪ್ಪಿಸುವ ಸೊಸೆಗೆ ಆ ಚೀಟಿ ಎಲ್ಲಿಂದ ಬರಬೇಕು? 'ಏನು ಕೆಲಸ ಮಾಡುತ್ತೀಯಮ್ಮ?' ಎಂದರೆ 'ಮನೇಲಿ ಇದ್ದೀನಿ' ಎನ್ನುತ್ತಾಳೆ.

ಕಲ್ಲಿನ ಧೂಳಿನದು ಬೇರೆ ಕಥೆ. ಸ್ಫಟಿಕ ಶಿಲೆಯ ಧೂಳು, ಅಂದರೆ ಸಿಲಿಕಾ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ತೀರ್ಮಾನಿಸಿತು. ಅದು ಕ್ಯಾನ್ಸರಿಗೂ ಮುನ್ನ ಸಿಲಿಕೋಸಿಸ್ ತರುತ್ತದೆ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ಬಳಿಯ ಮಡಹಳ್ಳಿ ಗುಡ್ಡ ಕುಸಿದು ಕ್ವಾರಿಯ ಕಾರ್ಮಿಕರು ಸತ್ತಾಗ ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು. ಬಂಡೆಯ ಕೆಳಗೆ ಸತ್ತವನನ್ನು ಎಣಿಸುತ್ತಾರೆ. ಅದೇ ಬಂಡೆಯ ಪುಡಿ ಕುಡಿದು ಹದಿನೈದು ವರ್ಷದ ಮೇಲೆ ತನ್ನೂರಿನಲ್ಲಿ ಸಾಯುವವನನ್ನು ಎಣಿಸುವವರಿಲ್ಲ. ಅವನು ಬೇರೆ ಜಿಲ್ಲೆಯವನೋ ಬೇರೆ ರಾಜ್ಯದವನೋ ಆಗಿದ್ದರಂತೂ ಮುಗಿದೇ ಹೋಯಿತು.

ಒಲೆಯ ಹೊಗೆಯ ಬಗ್ಗೆ ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಕೆಲಸ ನಡೆದಿದೆ. ಮೈಸೂರಿನ ವೈದ್ಯರು ಮೈಸೂರು ಜಿಲ್ಲೆಯ ಗ್ರಾಮೀಣ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತೀರಿ, ಅದನ್ನು ಎಷ್ಟು ವರ್ಷ ಮಾಡಿದ್ದೀರಿ ಎಂಬ ಎರಡನ್ನು ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಕಾಯಿಲೆಯ ಅಪಾಯ ಗಣನೀಯ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಮುದ್ದೆ ತಿರುವಿದವಳಿಗೆ 60 ಆಯಿತು. ಹದಿನೆಂಟಕ್ಕೆ ಮದುವೆಯಾದವಳು ಮೂವತ್ತೆಂಟಕ್ಕೆ ಈ ಗಡಿ ದಾಟುತ್ತಾಳೆ. ಪಶ್ಚಿಮದಲ್ಲಿ ಶ್ವಾಸಕೋಶ ಕ್ಯಾನ್ಸರಿನ ತಪಾಸಣೆಗೆ ಯಾರು ಅರ್ಹರು ಎಂದು ನಿರ್ಧರಿಸುವುದೂ ಇಂಥದೇ ಗುಣಾಕಾರದಿಂದ. ಅಲ್ಲಿ ದಿನಕ್ಕೆಷ್ಟು ಪ್ಯಾಕು, ಎಷ್ಟು ವರ್ಷ ಎಂದು ಕೇಳುತ್ತಾರೆ. ಅಮೆರಿಕದಲ್ಲಿ 2021ರಿಂದ 50ರಿಂದ 80 ವಯಸ್ಸಿನವರಿಗೆ ಆ ಸಂಖ್ಯೆ 20. ಸೇದಿಯೇ ಗೊತ್ತಿಲ್ಲದ ನಮ್ಮ ಹೆಂಗಸು ಆ ಲೆಕ್ಕದಲ್ಲಿ ಸೊನ್ನೆ. ಸೌದೆಯ ಹೊಗೆ ಕ್ಯಾನ್ಸರ್ ತರಬಹುದಾದದ್ದು ಎಂದು ಅದೇ ಸಂಶೋಧನಾ ವಿಭಾಗ ಗುರುತಿಸಿದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನಿಲ ಬಂದಿದೆ ನಿಜ. ಆದರೆ ಸಿಲಿಂಡರ್ ಚಹಾಕ್ಕೆ, ಸೌದೆ ಸ್ನಾನದ ಹಂಡೆಗೆ ಎಂಬ ಹಂಚಿಕೆ ಎಷ್ಟೋ ಮನೆಗಳಲ್ಲಿ ನಡೆದೇ ಇದೆ.

ಇಷ್ಟೆಲ್ಲ ಅಪಾಯವನ್ನು ಹೊತ್ತ ವ್ಯಕ್ತಿಗೆ ಕಾಯಿಲೆ ಬಂದರೆ ಏನಾಗುತ್ತದೆ? ಕೆಮ್ಮು, ಕಫದಲ್ಲಿ ರಕ್ತ, ಸೊರಗುವುದು, ಎದೆಯ ಚಿತ್ರದಲ್ಲಿ ಒಂದು ನೆರಳು. ಕ್ಷಯಕ್ಕೂ ಇವೇ, ಶ್ವಾಸಕೋಶದ ಕ್ಯಾನ್ಸರಿಗೂ ಇವೇ. ಕ್ಷಯ ಹೆಚ್ಚಿರುವ ದೇಶದಲ್ಲಿ ವೈದ್ಯರು ಮೊದಲು ಕ್ಷಯ ಎಂದುಕೊಳ್ಳುವುದು ಸಹಜ. ಕಫದಲ್ಲಿ ಕ್ರಿಮಿ ಕಾಣದಿದ್ದರೂ ಚಿತ್ರ ನೋಡಿ ಮಾತ್ರೆ ಆರಂಭಿಸುವುದುಂಟು. ಆರು ತಿಂಗಳ ಮಾತ್ರೆ. ರೋಗಿ ನಿಷ್ಠೆಯಿಂದ ನುಂಗುತ್ತಾನೆ. ಇದರೊಳಗೆ ಕ್ಯಾನ್ಸರ್ ತನ್ನ ಪಾಡಿಗೆ ಬೆಳೆಯುತ್ತದೆ. ಕೊನೆಗೆ ಮೈಸೂರಿಗೋ, ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೋ ಮುಟ್ಟುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ದೇಶದಲ್ಲಿ ಈ ಕ್ಯಾನ್ಸರ್ ಬಹುಪಾಲು ಪತ್ತೆಯಾಗುವುದು ಮೂರನೆಯ ಮತ್ತು ನಾಲ್ಕನೆಯ ಹಂತದಲ್ಲೇ. ಇದಕ್ಕೆ ಯಾವ ಒಬ್ಬ ವೈದ್ಯರನ್ನೂ ದೂರಿ ಪ್ರಯೋಜನವಿಲ್ಲ. ಮಾತ್ರೆ ಆರಂಭವಾಗಿ ಎರಡು ತಿಂಗಳಾದರೂ ಕೆಮ್ಮು ತಗ್ಗಿಲ್ಲ, ತೂಕ ಏರಿಲ್ಲ ಎಂದು ಮೊದಲು ಕಾಣುವವರು ಯಾರು? ಮಾತ್ರೆ ಕೊಡಲು ಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಉಪಕೇಂದ್ರದ ನರ್ಸಮ್ಮ. ಅವರ ಕೈಯಲ್ಲಿ ತೂಕದ ಯಂತ್ರವಿದೆ. 2020ರ ಕೋವಿಡ್ ಬಂದ ಮೇಲೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರವೂ ಅನೇಕರ ಕೈಗೆ ಬಂದಿದೆ. ಈ ರೋಗಿಯದು ಬೇರೆ ಕಾಯಿಲೆ ಇರಬಹುದು, ಸ್ಕ್ಯಾನಿಗೆ ಕಳುಹಿಸಿ ಎಂದು ಹೇಳುವ ಅಧಿಕಾರ ಅವರಿಗಿದೆಯೇ, ಹೇಳಿದರೆ ಕೇಳುವವರಿದ್ದಾರೆಯೇ ಎಂಬುದು ಪ್ರಶ್ನೆ.

2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡುತ್ತ ಬಂದು, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸಿದರು. ಇವರಲ್ಲಿ ಬಹಳಷ್ಟು ಮಂದಿ ಬಿಎಸ್ಸಿ ನರ್ಸಿಂಗ್ ಓದಿದವರು. ಭೋರ್ ಸಮಿತಿಯ ಕಾಲದಿಂದ ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ. ಹಳ್ಳಿಯ ಮಟ್ಟದಲ್ಲಿ ನರ್ಸಿಂಗ್ ಪದವೀಧರೆಯೊಬ್ಬಳು ಅಧಿಕಾರಿ ಎಂಬ ಹೆಸರಿನಿಂದ ಕುಳಿತಿದ್ದಾಳೆ. ಆದರೆ ಆಕೆ ಗುತ್ತಿಗೆಯವಳು. ಆಶಾ ಕಾರ್ಯಕರ್ತೆಯರಂತೂ ನೌಕರರೇ ಅಲ್ಲ, ಗೌರವಧನದ ಸ್ವಯಂಸೇವಕರು. 2025ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಮಲಗಿ ತಿಂಗಳಿಗೆ 15,000 ರೂಪಾಯಿ ಕೇಳಿದರು. ಸರ್ಕಾರ 10,000 ರೂಪಾಯಿಯ ಭರವಸೆ ಕೊಟ್ಟು ಕಳುಹಿಸಿತು. ಎದೆಯ ಕ್ಯಾನ್ಸರನ್ನೂ ಇವರೇ ಹುಡುಕಲಿ ಎಂದು ಹೇಳುವ ಮೊದಲು ಈಗಾಗಲೇ ಇವರ ತಲೆಯ ಮೇಲಿರುವ ರಿಜಿಸ್ಟರುಗಳನ್ನು ಎಣಿಸುವುದು ಒಳ್ಳೆಯದು.

ಅಂಥ ಒಂದು ಕಾಗದವನ್ನು ನಾವು ಸ್ವಲ್ಪ ನಿಧಾನವಾಗಿ ಓದಿದೆವು. ಮೂವತ್ತು ದಾಟಿದ ಪ್ರತಿಯೊಬ್ಬರ ಮನೆಗೆ ಹೋಗಿ ಆಶಾ ತುಂಬಬೇಕಾದ ಪ್ರಶ್ನಾವಳಿ ಅದು. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಇವಕ್ಕೆ ಅಂಕಗಳಿವೆ. ಮೊತ್ತ ನಾಲ್ಕು ದಾಟಿದರೆ ಆ ವ್ಯಕ್ತಿಗೆ ತಪಾಸಣೆಯಲ್ಲಿ ಆದ್ಯತೆ. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಉಸಿರಾಟದ ತೊಂದರೆ ಇವೆಲ್ಲವನ್ನೂ ಅದು ಕೇಳುತ್ತದೆ. ಅಂದರೆ ಶ್ವಾಸಕೋಶದ ಕ್ಯಾನ್ಸರಿನ ಲಕ್ಷಣಗಳನ್ನು ಕೇಳಿಯೇ ಕೇಳುತ್ತದೆ, ಆದರೆ ಕ್ಷಯದ ಹೆಸರಿನಲ್ಲಿ. ಕಫದಲ್ಲಿ ಕ್ರಿಮಿ ಇಲ್ಲ ಎಂದು ಬಂದರೆ ಮುಂದೇನು ಎಂದು ಆ ಹಾಳೆಯಲ್ಲಿ ಬರೆದಿಲ್ಲ. ತಂಬಾಕಿನ ಸಾಲಿನಲ್ಲಿ ಎಂದೂ ಇಲ್ಲ, ಹಿಂದೆ ಇತ್ತು ಅಥವಾ ಕೆಲವೊಮ್ಮೆ, ದಿನವೂ ಎಂಬ ಮೂರು ಮನೆಗಳಿವೆ. ಮೂವತ್ತು ವರ್ಷ ದಿನವೂ ಎರಡು ಕಟ್ಟು ಬೀಡಿ ಸೇದಿದವನಿಗೂ ಕಳೆದ ವರ್ಷ ಆರಂಭಿಸಿದ ಹುಡುಗನಿಗೂ ಒಂದೇ ಅಂಕ. ಕೆಲಸದ ಜಾಗದ ಹೊಗೆ ಧೂಳಿನ ಸಾಲಿನಲ್ಲಿ ಇಟ್ಟಿಗೆ ಗೂಡು, ಗಾಜಿನ ಕಾರ್ಖಾನೆಗಳ ಹೆಸರಿದೆ. ಕಲ್ಲು ಕ್ವಾರಿಯ ಹೆಸರಿಲ್ಲ, ಬೀಡಿಯ ಮೊರವೂ ಇಲ್ಲ. ಅಡುಗೆಗೆ ಏನು ಉರಿಸುತ್ತೀರಿ ಎಂಬಲ್ಲಿ ಸೌದೆ, ಬೆರಣಿ, ಸೀಮೆಎಣ್ಣೆ, ಅನಿಲ ಎಂದು ಗುರುತು ಹಾಕಬಹುದು. ಎಷ್ಟು ಗಂಟೆ, ಎಷ್ಟು ವರ್ಷ ಎಂದು ಬರೆಯಲು ಮನೆ ಬಿಟ್ಟಿಲ್ಲ.